ಹೋಮಿ ಭಾಭಾ ಮತ್ತು ತಿರುವಾಂಕೂರಿನ ಕರಿಮರಳು

ಮಂಗಳೂರಿನಿಂದ ಕಡಲ ತೀರವನ್ನು ಹಿಡಿದು ತೆಂಕಣ ದಿಕ್ಕಿಗೆ ಸಾಗಿದರೆ ಕಾಸರಗೋಡು, ಕಲ್ಲಿಕೋಟೆ, ಕೊಚ್ಚಿಗಳನ್ನು ದಾಟಿದ ಮೇಲೆ ಕೊಲ್ಲಂ ಜಿಲ್ಲೆಯ ಚವರ, ನೀಂಡಕರ ಎಂಬ ಊರುಗಳು ಸಿಗುತ್ತವೆ. ಇನ್ನೂ ಮುಂದಕ್ಕೆ ಹೋದರೆ ತಿರುವನಂತಪುರ. ಈ ಊರುಗಳ ದಡದಲ್ಲಿ ಮರಳು ನಾವು ಕಂಡಂತೆ ಬೆಳ್ಳಗಿರದೆ ಕಪ್ಪಾಗಿದೆ. ಬೇರೆ ಬೇರೆ ಖನಿಜಗಳ ಕಣಗಳು ಅದರಲ್ಲಿ ಬೆರೆತಿರುವುದೇ ಇದಕ್ಕೆ ಕಾರಣ. ಅವುಗಳಲ್ಲಿ ಮೊನಜೈಟ್ ಎಂಬುದೂ ಒಂದು. ತಿರುವಾಂಕೂರಿನಿಂದ ಯೂರೋಪಿಗೆ ರವಾನೆಯಾದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಶೋಂಬರ್ಗ್ ಎಂಬವರು ಇದನ್ನು ಗುರುತಿಸಿದರು. ಅದು ನಡೆದದ್ದು ೧೯೦೯ರಲ್ಲಿ. ಅದೇ ವರ್ಷದ ಅಕ್ಟೋಬರ್ ೩೦ರಂದು ಮುಂಬಯಿಯ ಪಾರಸಿ ಮನೆತನವೊಂದರಲ್ಲಿ ಹುಟ್ಟಿದ ಗಂಡುಮಗುವೊಂದು ಮುಂದೆ ಆ ಮರಳಿನ ಹಣೆಬರಹವನ್ನೇ ಬದಲಿಸಿತು. ಆ ಮಗುವೇ ಹೋಮಿ ಜಹಾಂಗೀರ್ ಭಾಭಾ.

ಭಾಭಾರವರ ಮನೆತನಕ್ಕೂ ನಮ್ಮ ನಾಡಿಗೂ ಹಳೆಯ ನಂಟು. ಅವರ ತಾತ ಹೊರ್ಮಸ್‌ಜಿ ಭಾಭಾರವರು ಅಂದಿನ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ನಮ್ಮ ಹಳೆಯ ಶಾಲೆಗಳಲ್ಲಿ ಎಷ್ಟೋ ಶಾಲೆಗಳು ಅವರ ಮೇಲ್ವಿಚಾರಣೆಯಲ್ಲಿ ನಡೆದುವು. ಅವರ ಮಗ ಜಹಾಂಗೀರರೂ ಮಗಳು ಮೆಹೆರ್‌ಬಾಯಿಯವರೂ ಬೆಳೆದದ್ದು ಮೈಸೂರು ಸೀಮೆಯಲ್ಲಿಯೇ. ಜಹಾಂಗೀರರು ಆಕ್ಸ್‌ಫರ್ಡಿನಲ್ಲಿ ಓದಿ ಮುಂಬಯಿಯಲ್ಲಿ ನ್ಯಾಯವಾದಿಗಳಾದರು. ಮೆಹೆರ್‌ಬಾಯಿಯವರು ಪ್ರಖ್ಯಾತ ಉದ್ಯಮಿ ಜಮ್‌ಷೆಟ್‌ಜಿ ಟಾಟಾರವರ ಹಿರಿಯ ಮಗ ದೊರಾಬ್‌ಜಿಯವರನ್ನು ೧೮೯೮ರಲ್ಲಿ ವರಿಸಿದರು. ಹೀಗೆ ಅವರು ಹೋಮಿಯವರಿಗೆ ಸೋದರತ್ತೆ. ಈ ಸಂಬಂಧವನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಒಂದು ದೊಡ್ಡ ಸಂಗತಿಗೆ ಇದೇ ಮೂಲ.

ಬಾಲಕ ಹೋಮಿಗೆ ಚಿತ್ರಕಲೆ, ಸಂಗೀತ, ಗಣಿತ ಮೂರರಲ್ಲಿಯೂ ಸಮಾನವಾದ ಒಲವು. ಮುಂಬಯಿಯ ಶಾಲೆ ಕಾಲೇಜುಗಳನ್ನು ಮುಗಿಸಿ ೧೯೨೭ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಮಗನು ಯಂತ್ರಶಾಸ್ತ್ರವನ್ನು ಕಲಿತು ಬಂದು ಟಾಟಾರವರ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಲಿ ಎಂಬುದು ಮನೆಯವರ ಇಚ್ಛೆ. ಹೋಮಿಯವರ ಮನಸ್ಸಾದರೋ ಭೌತವಿಜ್ಞಾನದತ್ತ ಹರಿದಿತ್ತು. ತಂದೆಗೆ ಅವರು ತಮ್ಮ ಅಂತರಂಗವನ್ನು ಕಾಗದದಲ್ಲಿ ಬಿಚ್ಚಿಟ್ಟರು. ತಂದೆ ಸಿಟ್ಟಾಗಲಿಲ್ಲ, ಮೊದಲು ಯಂತ್ರಶಾಸ್ತ್ರದಲ್ಲಿ ಪ್ರಥಮ ದರ್ಜೆಯನ್ನು ಪಡೆದರೆ ಆಮೇಲೆ ಇಷ್ಟ ಬಂದುದನ್ನು ಓದಬಹುದೆಂದು ಷರತ್ತು ಹಾಕಿದರು. ೧೯೩೦ರಲ್ಲಿ ಮಗ ಆ ಷರತ್ತನ್ನು ಪೂರೈಸಿದರು. ತಂದೆಯೂ ಮಾತು ಉಳಿಸಿಕೊಂಡರು. ಮನಸ್ಸಿಗೆ ಬಾರದ ವಿಷಯವನ್ನೂ ಶ್ರದ್ಧೆಯಿಂದ ಮುಗಿಸಿದ್ದು ವ್ಯರ್ಥವಾಗಲಿಲ್ಲ. ಮುಂದೆ ಬೃಹದ್ಯಂತ್ರಗಳನ್ನು ಕಟ್ಟಿಸುವಾಗ ಆ ಯಂತ್ರಶಾಸ್ತ್ರವೇ ಅವರ ಕೈಹಿಡಿಯಿತು.

ಹೋಮಿಯವರು ಕೇಂಬ್ರಿಜಿನಲ್ಲಿದ್ದಾಗಲೇ ೧೯೩೧ರಲ್ಲಿ ಅತ್ತೆ ಮೆಹೆರ್‌ಬಾಯಿಯವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಆ ರೋಗಕ್ಕೆ ಮದ್ದೇ ಇರಲಿಲ್ಲ. ಅಪಾರ ಸಿರಿವಂತರಾಗಿದ್ದರೂ ದೊರಾಬ್‌ಜಿಯವರು ಮಡದಿಯನ್ನು ಉಳಿಸಿಕೊಳ್ಳಲಾರದೆ ಹೋದರು. ಭಾರತದಲ್ಲಿ ಕ್ಯಾನ್ಸರಿಗೆಂದೇ ಒಂದು ಆಸ್ಪತ್ರೆಯಾಗಬೇಕೆಂಬ ಹಂಬಲ ಅವರದಾಯಿತು. ಆದರೆ ಮರುವರ್ಷವೇ ಅವರೂ ಕಣ್ಮುಚ್ಚಿದರು. ಅವರ ಹಂಬಲವನ್ನು ಟಾಟಾ ದತ್ತಿಯವರು ಕೈಬಿಡದೆ ನಡೆಸಿ, ೧೯೪೧ರ ಫೆಬ್ರವರಿ ೨೮ರಂದು ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯನ್ನು ತೆರೆದರು.

ದೊರಾಬ್‌ಜಿಯವರು ತೀರಿಕೊಂಡ ಆ ೧೯೩೨ರಲ್ಲಿಯೇ ಕೇಂಬ್ರಿಜಿನ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ಜೇಮ್ಸ್ ಚಾಡ್ವಿಕ್ಕರು ನ್ಯೂಟ್ರಾನ್ ಎಂಬ ಕಣವನ್ನು ಕಂಡುಹಿಡಿದರು. ಪರಮಾಣುವಿನ ನಡುವೆ ಒಂದು ಬೀಜವಿದೆ ಎಂಬುದನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಆ ಬೀಜಕ್ಕೆ ಧನ ವಿದ್ಯುತ್ತಿನ ಕಾವಲು ಇದೆ. ಧನ ವಿದ್ಯುತ್ತಿರುವ ಬೇರೆ ಕಣ ಹತ್ತಿರ ಬಂದರೆ ಅದು ಹಿಂದಕ್ಕೆ ತಳ್ಳುತ್ತದೆ. ನ್ಯೂಟ್ರಾನಿಗೆ ಯಾವ ವಿದ್ಯುತ್ತೂ ಇಲ್ಲ. ಆದುದರಿಂದ ಕಾವಲುಗಾರನ ಕಣ್ಣಿಗೆ ಬೀಳದವನಂತೆ ಅದು ಬೀಜದೊಳಕ್ಕೆ ಹೋಗಿ ಸೇರಬಲ್ಲದು. ೧೯೩೪ರಲ್ಲಿ ರೋಮ್ ನಗರದ ಎನ್ರಿಕೊ ಫರ್ಮಿಯವರು ಮತ್ತೊಂದು ವಿಚಿತ್ರವನ್ನು ಕಂಡರು. ವೇಗದ ನ್ಯೂಟ್ರಾನಿಗಿಂತ ನಿಧಾನವಾದ ನ್ಯೂಟ್ರಾನೇ ಬೀಜಕ್ಕೆ ಸುಲಭವಾಗಿ ಸೆರೆಸಿಕ್ಕುತ್ತದೆ. ನಮ್ಮ ನಗರದಲ್ಲಿ ಓಡುವ ಬಸ್ಸನ್ನು ಹತ್ತಲಾರೆವು, ಮೆಲ್ಲನೆ ಬರುವ ಬಸ್ಸನ್ನು ಹತ್ತಬಲ್ಲೆವು. ಅದರಂತೆಯೇ ಇದು ಎಂದುಕೊಳ್ಳೋಣ. ತರುಣ ಭಾಭಾರವರು ರೋಮಿನಲ್ಲಿ ಫರ್ಮಿಯವರ ಬಳಿಯೂ ಜೂರಿಕ್ ನಗರದಲ್ಲಿ ಪೌಲಿಯವರ ಬಳಿಯೂ ಕೆಲಕಾಲವಿದ್ದು ಅಭ್ಯಾಸ ಮಾಡಿದರು.

ನ್ಯೂಟ್ರಾನಿನ ಈ ಗುಣವನ್ನು ರೋಗ ಚಿಕಿತ್ಸೆಗೆ ಬಳಸಬಹುದೆಂದು ೧೯೩೬ರಲ್ಲಿ ಅಮೆರಿಕದ ಗಾರ್ಡನ್ ಲೋಷರ್ ಎಂಬ ವಿಜ್ಞಾನಿ ಸೂಚಿಸಿದರು. ಬೋರಾನ್ ಎಂಬ ಮೂಲವಸ್ತುವಿನ ಒಂದು ಬಗೆ, ಬೋರಾನ್-೧೦, ನಿಧಾನದ ನ್ಯೂಟ್ರಾನುಗಳನ್ನು ನಮ್ಮ ದೇಹದಲ್ಲಿರುವ ಜಲಜನಕ, ಸಾರಜನಕಗಳಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿ ಹಿಡಿದುಕೊಳ್ಳುತ್ತದೆ. ಹಿಡಿದೊಡನೆ ತಾನೇ ಎರಡು ತುಂಡಾಗುತ್ತದೆ. ಆ ತುಂಡುಗಳು ಬಲು ಬಿರುಸಿನವು. ಆದರೆ ಅವು ಸಾಗುವ ದೂರ ಒಂದು ಜೀವಕೋಶದ ಅಗಲಕ್ಕಿಂತ ಹೆಚ್ಚಲ್ಲ. ಕ್ಯಾನ್ಸರಿನ ಕೋಶಗಳೊಳಗೆ ಮಾತ್ರ ಬೋರಾನನ್ನು ಸೇರಿಸಿ, ಆ ಭಾಗಕ್ಕೆ ನ್ಯೂಟ್ರಾನುಗಳನ್ನು ಹಾಯಿಸಿದರೆ ಕೆಟ್ಟ ಕೋಶ ಸಾಯುತ್ತದೆ, ಮಗ್ಗುಲಿನ ಒಳ್ಳೆಯ ಕೋಶ ಉಳಿಯುತ್ತದೆ. ರಾಗಿಯ ಹೊಲದಲ್ಲಿ ಪೈರಿಗೆ ನೋವಾಗದಂತೆ ಕಳೆಯನ್ನಷ್ಟೇ ಕೀಳುವ ರೈತನ ಜಾಣ್ಮೆ ಇದರಲ್ಲಿದೆ. ಇದನ್ನೇ ನ್ಯೂಟ್ರಾನ್ ಸೆರೆ ಚಿಕಿತ್ಸೆ ಎನ್ನಬಹುದು. ಭಾಭಾರವರು ಈ ಚಿಕಿತ್ಸೆಯ ಸಂಶೋಧಕರಲ್ಲ. ಆದರೆ ಬೀಜವು ನ್ಯೂಟ್ರಾನನ್ನು ಸೆರೆಹಿಡಿಯುವ ಈ ಒಂದೇ ತತ್ತ್ವದ ಮೇಲೆಯೇ ಅವರ ಮುಂದಿನ ಕೆಲಸವೆಲ್ಲ ನಿಂತಿತು.

೧೯೩೯ರಲ್ಲಿ ಭಾಭಾರವರು ರಜೆಗೆಂದು ಭಾರತಕ್ಕೆ ಬಂದಿದ್ದಾಗ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಹಿಂದಿರುಗುವ ದಾರಿ ಮುಚ್ಚಿತು. ಆ ವೇಳೆಗೆ ವಿಶ್ವಕಿರಣಗಳ ವಿಷಯದಲ್ಲಿ ಅವರು ಹೈಟ್ಲರ್ ಎಂಬವರೊಡನೆ ೧೯೩೭ರಲ್ಲಿ ಪ್ರಕಟಿಸಿದ್ದ ಸಿದ್ಧಾಂತ ಪ್ರಪಂಚದ ಗಮನವನ್ನು ಸೆಳೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರು ಅವರನ್ನು ಆದರದಿಂದ ಬರಮಾಡಿಕೊಂಡರು. ತಾತನು ದುಡಿದ ಸೀಮೆಗೆ ಮೊಮ್ಮಗ ಹೀಗೆ ಬಂದು ಸೇರಿದರು. ೧೯೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆಗ ಅವರ ವಯಸ್ಸು ಮೂವತ್ತೊಂದು. ಬೆಂಗಳೂರಿನ ಈ ಐದಾರು ವರ್ಷಗಳಲ್ಲಿ ಅವರ ಮನಸ್ಸು ದೃಢವಾಯಿತು. ಪರದೇಶದ ಹಿರಿಯ ಪದವಿಗಳನ್ನು ಬಯಸದೆ ತಾಯ್ನಾಡಿನಲ್ಲಿಯೇ ವಿಜ್ಞಾನವನ್ನು ಬೆಳೆಸಬೇಕೆಂದು ಅವರು ನಿಶ್ಚಯಿಸಿದರು. ೧೯೪೪ರ ಮಾರ್ಚ್ ತಿಂಗಳಲ್ಲಿ ಟಾಟಾ ದತ್ತಿಯವರಿಗೆ ಬಿನ್ನಹ ಕಳುಹಿಸಿದರು. ಅದರ ಫಲವಾಗಿ ೧೯೪೫ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಬೆಂಗಳೂರಿನಲ್ಲಿಯೇ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಸಾಗಿತು.

ಈಗ ಮತ್ತೆ ಕರಿಮರಳಿನ ವಿಷಯಕ್ಕೆ ಬರೋಣ. ಮೊನಜೈಟಿನಲ್ಲಿ ಥೋರಿಯಂ ಎಂಬ ಲೋಹವಿದೆ. ಜಾತ್ರೆಗಳಲ್ಲಿ, ಬಯಲಾಟಗಳಲ್ಲಿ ಹಿಂದೆ ಉರಿಯುತ್ತಿದ್ದ ಗ್ಯಾಸ್‌ಲೈಟಿನ ಬಲೆಯಂಥ ಬತ್ತಿಗೆ ಬೆಳ್ಳನೆಯ ಹೊಳಪನ್ನು ಕೊಡುತ್ತಿದ್ದುದು ಥೋರಿಯಮಿನ ಭಸ್ಮವೇ. ಅದಕ್ಕಾಗಿ ತಿರುವಾಂಕೂರಿನ ಮರಳು ಹಡಗು ಹಡಗಾಗಿ ಯೂರೋಪಿಗೆ ಹೋಗುತ್ತಿತ್ತು. ೧೯೪೫ರಲ್ಲಿ ಹಿರೋಷಿಮಾ, ನಾಗಸಾಕಿಗಳ ಮೇಲೆ ಪರಮಾಣು ಬಾಂಬು ಬಿದ್ದ ಮೇಲೆ ಪರಿಸ್ಥಿತಿ ಬದಲಾಯಿತು. ಥೋರಿಯಂ ತಾನಾಗಿ ಉರಿಯುವ ಇಂಧನವಲ್ಲ. ಆದರೆ ಅದು ಒಂದು ನ್ಯೂಟ್ರಾನನ್ನು ಸೆರೆಹಿಡಿದರೆ ಕೆಲವು ವಾರಗಳಲ್ಲಿ ಯುರೇನಿಯಂ-೨೩೩ ಆಗಿ ಮಾರ್ಪಡುತ್ತದೆ. ಆ ಯುರೇನಿಯಂ ಪರಮಾಣು ಶಕ್ತಿಯನ್ನು ಕೊಡಬಲ್ಲದು. ಗ್ಯಾಸ್‌ಲೈಟಿನ ಬತ್ತಿಗೆಂದು ಮಾರುತ್ತಿದ್ದ ಮರಳಿನ ಮೇಲೆ ದೊಡ್ಡ ದೊಡ್ಡ ರಾಷ್ಟ್ರಗಳ ಕಣ್ಣು ಬಿತ್ತು. ಭಾರತದ ಸ್ವಾತಂತ್ರ್ಯದ ಹೊಸ್ತಿಲಲ್ಲಿ, ತಿರುವಾಂಕೂರು ಪ್ರತ್ಯೇಕವಾಗಿ ಉಳಿಯಬೇಕೆಂದು ಅಲ್ಲಿಯ ದಿವಾನರು ಯತ್ನಿಸುತ್ತಿದ್ದಾಗ, ಈ ಮರಳು ರಾಜಕೀಯದ ಚದುರಂಗದಲ್ಲಿಯೂ ಒಂದು ಕಾಯಾಯಿತು.

ಭಾಭಾರವರ ಅಭಿಪ್ರಾಯ ಸ್ಪಷ್ಟವಾಗಿತ್ತು. ಮರಳನ್ನು ಮರಳಾಗಿಯೇ ಮಾರಿದರೆ ದೇಶಕ್ಕೆ ಬರುವುದು ಪುಡಿಗಾಸು. ಅದರೊಳಗಿನ ಲೋಹವನ್ನು ಬೇರ್ಪಡಿಸುವ ವಿದ್ಯೆಯನ್ನು ನಮ್ಮವರೇ ಕಲಿಯಬೇಕು. ೧೯೪೮ರ ಆಗಸ್ಟ್ ತಿಂಗಳಲ್ಲಿ ಪರಮಾಣು ಶಕ್ತಿ ಆಯೋಗ ಸ್ಥಾಪಿತವಾಗಿ ಅವರೇ ಅದರ ಅಧ್ಯಕ್ಷರಾದರು. ೧೯೫೦ರಲ್ಲಿ ಭಾರತ ಸರ್ಕಾರವೂ ತಿರುವಾಂಕೂರು-ಕೊಚ್ಚಿ ಸರ್ಕಾರವೂ ಕೂಡಿ ಇಂಡಿಯನ್ ರೇರ್ ಅರ್ಥ್ಸ್ ಎಂಬ ಸಂಸ್ಥೆಯನ್ನು ಕಟ್ಟಿದುವು. ಕೊಚ್ಚಿಯ ಸಮೀಪದಲ್ಲಿ, ಪೆರಿಯಾರ್ ನದಿಯ ತೀರದ ಆಲುವಾ ಬಳಿ ಅದರ ಕಾರ್ಖಾನೆ ಎದ್ದಿತು. ೧೯೫೨ರ ಡಿಸೆಂಬರ್ ೨೪ರಂದು ಪ್ರಧಾನಿ ಜವಾಹರಲಾಲ್ ನೆಹರೂರವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಆಲುವಾದಲ್ಲಿ ಮೊನಜೈಟನ್ನು ಬಿಡಿಸಿ, ದೊರೆತ ಥೋರಿಯಂ ಅಂಶವನ್ನು ಮುಂಬಯಿಯ ಟ್ರಾಂಬೆಗೆ ಸಾಗಿಸಿ ಶುದ್ಧಗೊಳಿಸುವ ಏರ್ಪಾಡಾಯಿತು.

ಆದರೆ ನ್ಯೂಟ್ರಾನುಗಳಿಲ್ಲದೆ ಥೋರಿಯಂ ಇದ್ದೇನು ಫಲ? ನೀರಿಲ್ಲದ ಬಯಲಿನಲ್ಲಿ ಬಿತ್ತನೆಯ ಬೀಜವಿದ್ದಂತೆ. ನ್ಯೂಟ್ರಾನುಗಳ ಬುಗ್ಗೆಯನ್ನು ತೆರೆಯಲು ಭಾಭಾರವರು ಟ್ರಾಂಬೆಯಲ್ಲಿ ಒಂದು ರಿಯಾಕ್ಟರನ್ನು ಕಟ್ಟಿಸಿದರು. ಇಂಧನ ಬ್ರಿಟನ್ನಿನಿಂದ ಬಂದಿತು. ಉಳಿದುದೆಲ್ಲವೂ ನಮ್ಮ ತರುಣರ ಕೈಕೆಲಸ. ತುಮಕೂರಿನಲ್ಲಿ ಹುಟ್ಟಿದ, ನಮ್ಮ ಹೆಮ್ಮೆಯ ವಿಜ್ಞಾನಿ ರಾಜಾ ರಾಮಣ್ಣನವರೂ ಆ ತರುಣರಲ್ಲಿ ಒಬ್ಬರು. ೧೯೫೬ರ ಆಗಸ್ಟ್ ೪ರಂದು ಆ ರಿಯಾಕ್ಟರು ಜೀವತಳೆಯಿತು. ಸೋವಿಯತ್ ದೇಶವನ್ನು ಬಿಟ್ಟರೆ ಏಷ್ಯಾ ಖಂಡಕ್ಕೆಲ್ಲ ಅದೇ ಮೊದಲನೆಯದು. ನೀರಿನ ಕೊಳದ ತಳದಲ್ಲಿ ನೀಲಿ ಬೆಳಕನ್ನು ಸೂಸುತ್ತಿದ್ದ ಅದಕ್ಕೆ ನೆಹರೂರವರು ಅಪ್ಸರಾ ಎಂದು ಹೆಸರಿಟ್ಟರು. ೧೯೬೦ರಲ್ಲಿ ಕೆನಡಾದ ನೆರವಿನಿಂದ ಸೈರಸ್ ಎಂಬ ದೊಡ್ಡ ರಿಯಾಕ್ಟರೂ ಆರಂಭವಾಯಿತು.

ಇಲ್ಲಿಂದ ಕ್ಯಾನ್ಸರಿನ ಚಿಕಿತ್ಸೆಗೆ ಹೊಸ ದಾರಿ ತೆರೆಯಿತು. ಮೊದಲು ವೈದ್ಯರು ರೇಡಿಯಮಿನ ಕಿರಣಗಳನ್ನು ಬಳಸುತ್ತಿದ್ದರು. ರೇಡಿಯಂ ಅತಿ ವಿರಳ, ಅತಿ ದುಬಾರಿ. ಆದರೆ ಸಾಮಾನ್ಯ ಕೋಬಾಲ್ಟ್ ಲೋಹವನ್ನು ರಿಯಾಕ್ಟರಿನಲ್ಲಿಟ್ಟರೆ ಅದರ ಬೀಜಗಳು ಒಂದೊಂದು ನ್ಯೂಟ್ರಾನನ್ನು ಸೆರೆಹಿಡಿದು ಕೋಬಾಲ್ಟ್-೬೦ ಆಗುತ್ತವೆ. ಅದು ಹೊರಸೂಸುವ ಕಿರಣಗಳು ದೇಹದ ಆಳಕ್ಕೆ ಹೋಗಿ ಗೆಡ್ಡೆಯನ್ನು ಸುಡಬಲ್ಲವು. ೧೯೫೧ರಲ್ಲಿ ಕೆನಡಾದಲ್ಲಿ ಈ ಚಿಕಿತ್ಸೆ ಮೊದಲಾಯಿತು. ಸುಮಾರು ಐದು ವರ್ಷ ಮೂರು ತಿಂಗಳಿಗೆ ಕೋಬಾಲ್ಟಿನ ಬಲ ಅರ್ಧಕ್ಕಿಳಿಯುವುದರಿಂದ ಮತ್ತೆ ಮತ್ತೆ ಹೊಸದನ್ನು ತಯಾರಿಸುತ್ತಿರಬೇಕು. ರಿಯಾಕ್ಟರಿಲ್ಲದ ದೇಶ ಇದಕ್ಕಾಗಿ ಸದಾ ಪರರ ಮುಂದೆ ಕೈಯೊಡ್ಡಬೇಕು. ಔಷಧಕ್ಕೂ ಸಂಶೋಧನೆಗೂ ಬೇಕಾದ ಇಂಥ ವಿಕಿರಣಶೀಲ ವಸ್ತುಗಳನ್ನು ಟ್ರಾಂಬೆಯಲ್ಲಿಯೇ ತಯಾರಿಸಲು ಭಾಭಾರವರು ಏರ್ಪಡಿಸಿದರು.

ಅತ್ತೆಯ ನೆನಪಿನಿಂದ ಹುಟ್ಟಿದ ಆಸ್ಪತ್ರೆ ಭಾಭಾರವರ ಬಳಿಗೆ ಬಂದುದು ಈ ಕಾಲದಲ್ಲಿಯೇ. ಟಾಟಾ ದತ್ತಿಯವರು ಅದನ್ನು ೧೯೫೭ರಲ್ಲಿ ಭಾರತ ಸರ್ಕಾರದ ಆರೋಗ್ಯ ಇಲಾಖೆಗೆ ಒಪ್ಪಿಸಿದ್ದರು. ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕಿರಣಗಳ ಪಾತ್ರ ದಿನೇ ದಿನೇ ಹೆಚ್ಚುವುದೆಂದು ಮನಗಂಡಿದ್ದ ಭಾಭಾರವರ ದೂರದೃಷ್ಟಿಯಿಂದ ೧೯೬೨ರಲ್ಲಿ ಅದು ಪರಮಾಣು ಶಕ್ತಿ ಇಲಾಖೆಗೆ ಸೇರಿತು. ಪರಮಾಣು ವಿಜ್ಞಾನಿಗಳ ಕೈಗೆ ಆಸ್ಪತ್ರೆಯೇ ಎಂದು ಕೇಳಿದವರು ಬೆರಗಾದರೆ ಅದು ಸಹಜವೇ. ಆದರೆ ಕಿರಣವನ್ನು ತಯಾರಿಸುವವನೂ ಕಿರಣವನ್ನು ರೋಗಿಗೆ ಕೊಡುವವನೂ ಒಂದೇ ಮನೆಯವರಾದಾಗ ಬಡವನಿಗೂ ಚಿಕಿತ್ಸೆ ಎಟುಕುತ್ತದೆ ಎಂಬುದನ್ನು ಕಾಲವೇ ತೋರಿಸಿಕೊಟ್ಟಿತು. ಇಂದಿಗೂ ಆ ಆಸ್ಪತ್ರೆ ಅದೇ ಇಲಾಖೆಯಲ್ಲಿಯೇ ಇದೆ. ದೇಶದ ಮೂಲೆಮೂಲೆಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ.

ಅದೇ ೧೯೬೨ರಲ್ಲಿ ಭಾಭಾರವರ ಇಲಾಖೆಯ ಆಶ್ರಯದಲ್ಲಿ ವಿಕ್ರಮ ಸಾರಾಭಾಯಿಯವರ ಅಧ್ಯಕ್ಷತೆಯಲ್ಲಿ ಬಾಹ್ಯಾಕಾಶ ಸಂಶೋಧನೆಯ ಸಮಿತಿಯೊಂದು ಏರ್ಪಟ್ಟಿತು. ತಿರುವನಂತಪುರದ ಬಳಿಯ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ಅದು ಆರಿಸಿಕೊಂಡಿತು. ಅಲ್ಲಿಯ ಜನ ತಮ್ಮ ಇಗರ್ಜಿಯನ್ನೂ ಮನೆಗಳನ್ನೂ ವಿಜ್ಞಾನಕ್ಕಾಗಿ ಬಿಟ್ಟುಕೊಟ್ಟರು. ೧೯೬೩ರ ನವೆಂಬರ್ ೨೧ರಂದು ಅಲ್ಲಿಂದ ಮೊದಲ ರಾಕೆಟ್ಟು ಮೇಲೇರಿತು. ಹೀಗೆ ಕೊಚ್ಚಿಯ ಸಮೀಪದಲ್ಲಿ ಒಂದು, ತಿರುವನಂತಪುರದ ಸಮೀಪದಲ್ಲಿ ಒಂದು, ಭಾಭಾರವರ ಕಾಲದ ಎರಡು ಗುರುತುಗಳು ಕೇರಳದಲ್ಲಿ ನಿಂತಿವೆ.

ಮಹನೀಯರ ಜೀವನವನ್ನು ಓದುವಾಗ ಹೊಗಳಿಕೆಯಲ್ಲಿಯೇ ತೃಪ್ತರಾಗುವುದು ಸಲ್ಲದು. ಒಲೆಯ ಬೆಂಕಿ ಅನ್ನವನ್ನು ಬೇಯಿಸುತ್ತದೆ. ಅದೇ ಬೆಂಕಿ ಮನೆಯನ್ನೂ ಸುಡುತ್ತದೆ. ಔಷಧದ ವಸ್ತುಗಳನ್ನು ಕೊಟ್ಟ ಸೈರಸ್ ರಿಯಾಕ್ಟರಿನ ಪ್ಲುಟೋನಿಯಂ ೧೯೭೪ರ ಪೋಖ್ರಾನ್ ಸ್ಫೋಟಕ್ಕೂ ಬಳಕೆಯಾಯಿತು. ೧೯೬೪ರಲ್ಲಿ ಚೀನಾ ಬಾಂಬನ್ನು ಸಿಡಿಸಿದಾಗ, ಅಂಥದನ್ನು ಮಾಡುವ ಶಕ್ತಿ ಭಾರತಕ್ಕೂ ಇದೆಯೆಂದು ಭಾಭಾರವರು ತಿಳಿಸಿದ್ದರು. ೧೯೫೫ರಲ್ಲಿ ಜಿನೀವಾದ ವಿಶ್ವಸಮ್ಮೇಳನದ ಅಧ್ಯಕ್ಷರಾಗಿ, ಸೂರ್ಯನೊಳಗೆ ನಡೆಯುವಂಥ ಬೀಜಸಂಯೋಗದ ಶಕ್ತಿ ಎರಡು ದಶಕಗಳಲ್ಲಿ ಮಾನವನ ಹತೋಟಿಗೆ ಬರುವುದೆಂದು ಅವರು ಭವಿಷ್ಯ ನುಡಿದರು, ಅದು ನಿಜವಾಗಲಿಲ್ಲ. ಥೋರಿಯಮಿನಿಂದ ನಾಡಿಗೆಲ್ಲ ವಿದ್ಯುತ್ತನ್ನು ಹರಿಸುವ ಅವರ ಕನಸೂ ಇನ್ನೂ ಕೈಗೂಡಿಲ್ಲ. ಕಲ್ಪಾಕ್ಕಮಿನಲ್ಲಿ ೧೯೯೬ರಲ್ಲಿ ಆರಂಭವಾದ ಕಾಮಿನಿ ಎಂಬ ಪುಟ್ಟ ರಿಯಾಕ್ಟರು ಮಾತ್ರ ಥೋರಿಯಮಿನಿಂದ ಪಡೆದ ಯುರೇನಿಯಂ-೨೩೩ನ್ನು ಇಂಧನವಾಗಿ ಬಳಸಿ, ಆ ಕನಸು ಅಸಾಧ್ಯವಲ್ಲವೆಂದು ತೋರಿಸಿತು.

ಭಾಭಾರವರು ಮದುವೆಯಾಗಲಿಲ್ಲ. ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಸಂಗೀತವನ್ನು ಕೇಳುತ್ತಿದ್ದರು. ಕಟ್ಟಡಕ್ಕೆ ಅಡ್ಡ ಬಂದ ಮರವನ್ನು ಕಡಿಯಲೊಪ್ಪದೆ ಬೇರುಸಹಿತ ಕೀಳಿಸಿ ಬೇರೆಡೆ ನೆಡಿಸುತ್ತಿದ್ದರು. ೧೯೬೬ರ ಜನವರಿ ೨೪ರಂದು ಅವರು ಪ್ರಯಾಣ ಮಾಡುತ್ತಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್ ಪರ್ವತಗಳ ಮೌಂಟ್ ಬ್ಲಾಂಕ್ ಶಿಖರಕ್ಕೆ ಬಡಿದು ನಾಶವಾಯಿತು. ಅದರಲ್ಲಿದ್ದವರಾರೂ ಬದುಕಿ ಉಳಿಯಲಿಲ್ಲ. ಭಾಭಾರವರಿಗೆ ಆಗ ಐವತ್ತಾರು ವರ್ಷ. ಮರುವರ್ಷ ಟ್ರಾಂಬೆಯ ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು.

ಅವರು ಹಚ್ಚಿದ ದೀಪ ಆರಲಿಲ್ಲ. ಅವರ ಹೆಸರಿನ ಆ ಸಂಸ್ಥೆಯವರೇ ಕೋಬಾಲ್ಟ್ ಚಿಕಿತ್ಸೆಯ ಯಂತ್ರವನ್ನು ನಮ್ಮ ದೇಶದಲ್ಲಿಯೇ ರೂಪಿಸಿ ಅದಕ್ಕೆ ಭಾಭಾಟ್ರಾನ್ ಎಂದು ಹೆಸರಿಟ್ಟರು. ತಿರುವನಂತಪುರದಲ್ಲಿ ೧೯೮೧ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಸ್ಥಾಪಿತವಾಯಿತು. ಕರಿಮರಳಿನ ತೀರದಲ್ಲಿ ವಾಸಿಸುವ ಜನರಿಗೆ ಆ ಮರಳಿನ ಸಹಜ ವಿಕಿರಣದಿಂದ ಕ್ಯಾನ್ಸರು ಹೆಚ್ಚುವುದೇ ಎಂಬ ಪ್ರಶ್ನೆ ಬಹುಕಾಲದಿಂದ ಇತ್ತು. ಈ ಕೇಂದ್ರದವರು ಕರುನಾಗಪ್ಪಳ್ಳಿಯಲ್ಲಿ ಮನೆಮನೆಗೆ ಹೋಗಿ ವರ್ಷಗಟ್ಟಲೆ ವಿಚಾರಿಸಿ, ೨೦೦೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಂಥ ಹೆಚ್ಚಳ ಕಂಡುಬಂದಿಲ್ಲವೆಂದು ತಿಳಿಸಿದರು. ಊಹೆಯಿಂದ ಹೆದರದೆ, ಊಹೆಯಿಂದ ಧೈರ್ಯವನ್ನೂ ತಾಳದೆ, ಎಣಿಸಿ ನೋಡಿ ಹೇಳುವುದೇ ವಿಜ್ಞಾನದ ಹಾದಿ.

ನ್ಯೂಟ್ರಾನ್ ಸೆರೆ ಚಿಕಿತ್ಸೆಯ ಹಾದಿಯೂ ಹಾಗೆಯೇ ಸಾಗಿತು. ಅಮೆರಿಕದಲ್ಲಿ ೧೯೫೧ರಿಂದ ಮೆದುಳಿನ ಕ್ಯಾನ್ಸರಿನವರ ಮೇಲೆ ನಡೆದ ಪ್ರಯೋಗಗಳು ಸಫಲವಾಗಲಿಲ್ಲ. ಬೋರಾನು ಗೆಡ್ಡೆಯಲ್ಲಿ ಮಾತ್ರ ನಿಲ್ಲದೆ ರಕ್ತದಲ್ಲಿಯೂ ಉಳಿದು ಒಳ್ಳೆಯ ಅಂಗಾಂಶಕ್ಕೂ ಹಾನಿ ಮಾಡಿತು. ೧೯೬೧ರಲ್ಲಿ ಅವುಗಳನ್ನು ನಿಲ್ಲಿಸಿದರು. ಜಪಾನಿನ ವೈದ್ಯ ಹತನಾಕರು ೧೯೬೮ರಲ್ಲಿ ಅದನ್ನು ಮತ್ತೆ ಕೈಗೆತ್ತಿಕೊಂಡರು. ಲೋಷರರು ಸೂಚಿಸಿ ಎಂಬತ್ತನಾಲ್ಕು ವರ್ಷಗಳಾದ ಮೇಲೆ, ೨೦೨೦ರಲ್ಲಿ, ತಲೆ ಮತ್ತು ಕೊರಳಿನ ಕೆಲವು ಕ್ಯಾನ್ಸರುಗಳಿಗೆ ಜಪಾನ್ ಸರ್ಕಾರ ಈ ಚಿಕಿತ್ಸೆಯನ್ನು ಅಂಗೀಕರಿಸಿತು. ಉಳಿದ ಕ್ಯಾನ್ಸರುಗಳಿಗೆ ಅದನ್ನು ಒಗ್ಗಿಸುವ ಕೆಲಸ ಇನ್ನೂ ಬಾಕಿ ಇದೆ. ಗೆಡ್ಡೆಯನ್ನು ಮಾತ್ರ ಹುಡುಕಿಕೊಂಡು ಹೋಗುವ ಬೋರಾನ್ ಔಷಧವನ್ನು ಕಂಡುಹಿಡಿಯಲು ರಸಾಯನಶಾಸ್ತ್ರ ಬಲ್ಲವರು ಬೇಕು. ನ್ಯೂಟ್ರಾನನ್ನು ಹದಗೊಳಿಸಲು ಭೌತವಿಜ್ಞಾನ ಬಲ್ಲವರು ಬೇಕು. ರೋಗಿಯ ಮಗ್ಗುಲಲ್ಲಿ ನಿಲ್ಲಲು ವೈದ್ಯರು ಬೇಕು. ಕನ್ನಡದಲ್ಲಿ ವಿಜ್ಞಾನವನ್ನು ಕಲಿಯುತ್ತಿರುವ ನಮ್ಮೊಳಗಿಂದಲೇ ಅಂಥವರು ಏಕೆ ಬರಬಾರದು?